ಸೆಂಟ್ರಲ್ ಒಟಾಗೊ ಪಿನೋ ನುವಾರ್: ಆರಿಸುವುದು, ತಣಿಸುವುದು, ಊಟದ ಜೊತೆ ಕೂಡಿಸುವುದು

ಪಿನೋ ನುವಾರ್ ತೆಳು ಸಿಪ್ಪೆಯ ದ್ರಾಕ್ಷಿ. ಕೆಂಪು ವೈನಿಗೆ ಬಣ್ಣವೂ ಒಗರೂ ಸಿಪ್ಪೆಯಿಂದಲೇ ಬರುವುದರಿಂದ, ಸಿಪ್ಪೆ ತೆಳುವಾದಷ್ಟೂ ಎರಡೂ ಕಡಿಮೆ. ಹಾಗಾಗಿ ಈ ವೈನಿಗೆ ಬೆನ್ನೆಲುಬು ಹುಳಿ, ಒಗರಲ್ಲ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಳನಾಡು ಸೆಂಟ್ರಲ್ ಒಟಾಗೊದಲ್ಲಿ ಬೆಳೆಯುವ ಪಿನೋಗಂತೂ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಬಾಟಲಿ ಎಷ್ಟು ತಣ್ಣಗಿರಬೇಕು, ಎಂಥ ಲೋಟ ಬೇಕು, ತಟ್ಟೆಯಲ್ಲಿ ಏನಿರಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹೊರಡುವುದು ಇಲ್ಲಿಂದಲೇ. ಈ ವೈನ್ ಕುಡಿದು “ಏನೂ ವಿಶೇಷವಿಲ್ಲ” ಎನ್ನುವವರ ಪೈಕಿ ಹೆಚ್ಚಿನವರು ಅದನ್ನು ಬೆಚ್ಚಗೆ ಕುಡಿದಿರುತ್ತಾರೆ, ಇಲ್ಲವೇ ಸಿಹಿ ಸಾಸಿನ ಜೊತೆ ಕುಡಿದಿರುತ್ತಾರೆ.

ಹುಳಿ ಎಲ್ಲಿಂದ ಬಂತು

ಸೆಂಟ್ರಲ್ ಒಟಾಗೊ ದಕ್ಷಿಣ ಅಕ್ಷಾಂಶ 45 ಡಿಗ್ರಿಯ ಆಸುಪಾಸಿನಲ್ಲಿದೆ. ಪಶ್ಚಿಮದಿಂದ ಬರುವ ಮಳೆಯನ್ನು ಸದರ್ನ್ ಆಲ್ಪ್ಸ್ ಬೆಟ್ಟಸಾಲು ಆಚೆಯೇ ತಡೆದು ನಿಲ್ಲಿಸುತ್ತದೆ. ಅಲೆಕ್ಸಾಂಡ್ರಾ ಊರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 350 ಮಿ.ಮೀ. ಮಾತ್ರ. ನ್ಯೂಜಿಲೆಂಡಿನ ಉಳಿದ ದ್ರಾಕ್ಷಿ ಸೀಮೆಗಳಿಗೆ ಕಡಲ ಗಾಳಿ ತಗಲುತ್ತದೆ, ಇಲ್ಲಿಗೆ ಅದು ಮುಟ್ಟುವುದಿಲ್ಲ. ಬೇಸಿಗೆಯ ಹಗಲು ಬಿಸಿಲು ಚುರುಗುಟ್ಟುತ್ತದೆ, ಅದೇ ದಿನ ರಾತ್ರಿ ಸ್ವೆಟರ್ ಬೇಕಾಗುತ್ತದೆ.

ಹಗಲ ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಕೂಡುತ್ತದೆ, ಬಣ್ಣ ಕಟ್ಟುತ್ತದೆ. ಬಿಸಿ ಸೀಮೆಯಲ್ಲಾದರೆ ಹಣ್ಣು ರಾತ್ರಿಯಿಡೀ ಉಸಿರಾಡುತ್ತಾ ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಸುಡುತ್ತಿರುತ್ತದೆ. ಇಲ್ಲಿನ ಚಳಿಗೆ ಆ ಉರಿ ತಗ್ಗುವುದರಿಂದ ಹುಳಿ ಉಳಿದುಕೊಳ್ಳುತ್ತದೆ. ಕಪ್ಪು ಚೆರಿಯಂತೆ ಮಾಗಿದ ರುಚಿ, 13.5ರಿಂದ 14 ಶೇಕಡಾ ಆಲ್ಕೋಹಾಲ್, ಅದರ ಬೆನ್ನಿಗೇ ಬಾಯಲ್ಲಿ ನೀರೂರಿಸುವ ಹುಳಿ, ಇವೆಲ್ಲ ಒಂದೇ ಗುಟುಕಿನಲ್ಲಿ ಸಿಗುವುದಕ್ಕೆ ಕಾರಣ ಇದು.

ಇದೇ ಚಳಿ ಬೆಳೆಗಾರರ ನಿದ್ದೆಯನ್ನೂ ಕೆಡಿಸುತ್ತದೆ. ವಸಂತದಲ್ಲಿ ಚಿಗುರೊಡೆಯುವ ಹೊತ್ತಿಗೂ ಕೊಯ್ಲಿನ ಮುಂಚೆಯೂ ಇಬ್ಬನಿ ಹೆಪ್ಪುಗಟ್ಟುವಂಥ ಚಳಿಯ ಭಯವಿದೆ. ನೆಲಕ್ಕಂಟಿ ನಿಂತ ತಣ್ಣನೆಯ ಗಾಳಿಯ ಮೇಲೆ ಸ್ವಲ್ಪ ಬೆಚ್ಚಗಿನ ಗಾಳಿಯ ಪದರ ಇರುತ್ತದೆ. ಅದನ್ನು ಕೆಳಕ್ಕೆ ತಳ್ಳಲು ಎತ್ತರದ ಪಂಖಗಳನ್ನು ತಿರುಗಿಸುತ್ತಾರೆ, ಕೆಲವೆಡೆ ಬೆಳಗಿನ ಜಾವ ಹೆಲಿಕಾಪ್ಟರುಗಳನ್ನೇ ತೋಟದ ಮೇಲೆ ಹಾರಿಸುತ್ತಾರೆ. ಕೊಯ್ಲು ಮಾರ್ಚ್ ಕೊನೆಯಿಂದ ಏಪ್ರಿಲ್ ತನಕ ನಡೆಯುತ್ತದೆ.

ದ್ರಾಕ್ಷಿ ಇಲ್ಲಿಗೆ ಬಂದದ್ದು ಚಿನ್ನದ ಹಿಂದೆ. 1860ರ ದಶಕದಲ್ಲಿ ಚಿನ್ನ ಹುಡುಕಿ ಬಂದ ಫ್ರೆಂಚ್‌ ಮನುಷ್ಯ ಜಾನ್ ಡೆಸಿರೆ ಫೆರೋ ಕ್ಲೈಡ್ ಊರಿನ ಬಳಿ ಬಳ್ಳಿ ನೆಟ್ಟ. 1895ರಲ್ಲಿ ಸರ್ಕಾರದ ಕರೆಯ ಮೇಲೆ ಬಂದ ದ್ರಾಕ್ಷಿ ತಜ್ಞ ರೋಮಿಯೊ ಬ್ರಗಾಟೊ ಈ ನೆಲ ದ್ರಾಕ್ಷಿಗೆ ಹೇಳಿಮಾಡಿಸಿದ್ದು ಎಂದ. ಆಮೇಲೆ ದಶಕಗಳ ಕಾಲ ಯಾರೂ ಕಿವಿಗೊಡಲಿಲ್ಲ. ಈ ಸೀಮೆಯ ಪಿನೋ ನುವಾರ್ ವ್ಯಾಪಾರಕ್ಕೆ ಬಂದದ್ದು 1987ರ ಕೊಯ್ಲಿನಿಂದ, ಗಿಬ್‌ಸ್ಟನ್ ಕಣಿವೆಯ ಅಲನ್ ಬ್ರೇಡಿ ಅವರ ಕೈಯಿಂದ. ಈಗ ಇಲ್ಲಿನ ತೋಟಗಳ ಬಹುಪಾಲು ಪಿನೋ ನುವಾರೇ.

ಒಬ್ಬ ತಯಾರಕ: ಫೆಲ್ಟನ್ ರೋಡ್

ಇಡೀ ಸೀಮೆಯನ್ನು ಒಂದು ಹೆಸರಿನಿಂದ ಅರಿಯಬೇಕೆಂದರೆ ಬ್ಯಾನಕ್‌ಬರ್ನ್‌ನ ಫೆಲ್ಟನ್ ರೋಡ್‌ನಿಂದ ಶುರುಮಾಡುವುದು ಒಳ್ಳೆಯದು. ಸ್ಟುವರ್ಟ್ ಎಲ್ಮ್ಸ್ 1990ರ ದಶಕದ ಮೊದಲಲ್ಲಿ ಮಣ್ಣು ಮತ್ತು ಬಿಸಿಲಿನ ಲೆಕ್ಕ ಹಾಕಿ, ಉತ್ತರಕ್ಕೆ ಮುಖ ಮಾಡಿದ ಇಳಿಜಾರನ್ನು ಆರಿಸಿ ಇಲ್ಲಿ ಬಳ್ಳಿ ನೆಟ್ಟರು. ದಕ್ಷಿಣ ಗೋಳಾರ್ಧದಲ್ಲಿ ಸೂರ್ಯ ಉತ್ತರದ ಕಡೆ ಇರುವುದರಿಂದ ಬಿಸಿಲು ಸಿಗುವುದು ಆ ಮುಖಕ್ಕೆ. ಮೊದಲ ಕೊಯ್ಲು 1997ರದು. 2000ದಲ್ಲಿ ತೋಟ ನೈಜೆಲ್ ಗ್ರೀನಿಂಗ್ ಅವರ ಕೈಗೆ ಬಂತು. ವೈನ್ ತಯಾರಿಕೆಯ ಹೊಣೆ ಮೊದಲಿನಿಂದಲೂ ಬ್ಲೇರ್ ವಾಲ್ಟರ್ ಅವರದು. ಒಂದೇ ನೆಲದ ಮೇಲೆ ಒಂದೇ ಕೈ ಇಷ್ಟು ಕಾಲ ದುಡಿದಿರುವುದು ವೈನಿನಲ್ಲಿ ಕಾಣುತ್ತದೆ. ವರ್ಷ ವರ್ಷದ ಹವೆಯ ವ್ಯತ್ಯಾಸ ಗೊತ್ತಾಗುತ್ತದೆ, ಕೈಚಳಕದ ಏರುಪೇರು ಕಾಣುವುದಿಲ್ಲ.

ಅಲ್ಲಿನ ಕೆಲಸದ ಬಗೆ ತಿಳಿದಿದ್ದರೆ ಲೋಟದಲ್ಲಿ ಏನನ್ನು ಹುಡುಕಬೇಕು ಎಂಬುದೂ ತಿಳಿಯುತ್ತದೆ. ತೋಟ ಬಯೋಡೈನಾಮಿಕ್ ಪದ್ಧತಿಯದು, ಅಂದರೆ ರಾಸಾಯನಿಕ ಗೊಬ್ಬರ, ಕಳೆನಾಶಕ ಬಳಸುವುದಿಲ್ಲ. ವೈನರಿಯನ್ನು ಇಳಿಜಾರಿನಲ್ಲಿ ಹಂತಹಂತವಾಗಿ ಕಟ್ಟಿದ್ದಾರೆ. ಹಣ್ಣು ಮೇಲಿನ ಹಂತಕ್ಕೆ ಬರುತ್ತದೆ, ಅಲ್ಲಿಂದ ವೈನು ತನ್ನ ಭಾರಕ್ಕೆ ತಾನೇ ಕೆಳಕ್ಕೆ ಹರಿಯುತ್ತದೆ. ಪಂಪಿನ ಒತ್ತಡಕ್ಕೆ ಸಿಕ್ಕಿ ಬೀಜ ಜಜ್ಜಿದರೆ ಕಹಿ ಒಗರು ಬಿಡುತ್ತದೆ, ಆ ಕಾಟ ಇಲ್ಲಿಲ್ಲ. ಹುದುಗು ಬರಿಸುವುದಕ್ಕೆ ತೋಟದ ಸಹಜ ಯೀಸ್ಟ್. ಗೊಂಚಲುಗಳ ಒಂದಷ್ಟು ಪಾಲನ್ನು ತೊಟ್ಟು ಬಿಡಿಸದೆ ಹಾಗೇ ಹುದುಗಿನ ತೊಟ್ಟಿಯೊಳಕ್ಕೆ ಹಾಕುತ್ತಾರೆ. ಅದರಿಂದ ಒಣ ಮೂಲಿಕೆಯಂಥ ಪರಿಮಳ, ರೇಷ್ಮೆಯಂಥ ಒಗರು ಬರುತ್ತದೆ. ತೊಟ್ಟು ಬಲಿಯದೆ ಹಸಿರಾಗಿದ್ದರೆ ಮಾತ್ರ ಹಸಿ ಕಡ್ಡಿ ಅಗಿದಂತೆ ಆಗುತ್ತದೆ. ಆಮೇಲೆ ಫ್ರೆಂಚ್ ಓಕ್ ಪೀಪಾಯಿಯಲ್ಲಿ ಇಟ್ಟು, ಸೋಸದೆ ಬಾಟಲಿಗೆ ತುಂಬುತ್ತಾರೆ. ಮುಚ್ಚಳ ಬಿರಡೆಯದಲ್ಲ, ತಿರುಪಿನದು.

ಹಲವು ತುಂಡು ಜಮೀನುಗಳ ವೈನು ಕೂಡಿಸಿ ಮಾಡಿದ ಬಾಟಲಿಯ ಮೇಲೆ ಬ್ಯಾನಕ್‌ಬರ್ನ್ ಎಂದಿರುತ್ತದೆ. ಕಾರ್ನಿಶ್ ಪಾಯಿಂಟ್, ಕ್ಯಾಲ್ವರ್ಟ್, ಬ್ಲಾಕ್ 3, ಬ್ಲಾಕ್ 5 ಎಂಬವು ಒಂದೊಂದು ತುಂಡಿನವು. ಕಾರ್ನಿಶ್ ಪಾಯಿಂಟ್ ಇರುವುದು ಕವರೌ ಮತ್ತು ಕ್ಲೂಥಾ ನದಿಗಳು ಕೂಡುವ ಕಡೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು ನೆಲೆಸಿದ್ದರಿಂದ ಈ ಹೆಸರು. ಕ್ಲೈಡ್ ಅಣೆಕಟ್ಟು ಬಂದ ಮೇಲೆ ಪಕ್ಕದಲ್ಲೇ ಡನ್‌ಸ್ಟನ್ ಸರೋವರದ ನೀರು. ಮೊದಲ ಬಾರಿಗೆ ಕೊಳ್ಳುವವರು ಬ್ಯಾನಕ್‌ಬರ್ನ್ ಕೊಳ್ಳಿ. ಬ್ಲಾಕ್ ಹೆಸರಿನವು ಎಳೆಯದರಲ್ಲಿ ಮುಷ್ಟಿ ಬಿಗಿಹಿಡಿದಂತೆ ಇರುತ್ತವೆ, ತಾಳ್ಮೆ ಇರುವವರಿಗೆ ಮಾತ್ರ ಕೈ ಬಿಚ್ಚುತ್ತವೆ.

ಬಾಟಲಿ ಆರಿಸುವಾಗ

ಲೇಬಲ್ಲಿನಲ್ಲಿ ಮೊದಲು ಊರಿನ ಹೆಸರು ಹುಡುಕಿ. ಗಿಬ್‌ಸ್ಟನ್ ಎಂದಿದ್ದರೆ ಎತ್ತರದ, ಹೆಚ್ಚು ತಂಪಿನ ಜಾಗ. ವೈನು ಹಗುರ, ರಾಸ್ಪ್‌ಬೆರಿಯ ರುಚಿ, ಹುಳಿ ಮುಂದೆ. ಬ್ಯಾನಕ್‌ಬರ್ನ್‌ದು ಕಪ್ಪು ಚೆರಿ ಮತ್ತು ಒಣ ಥೈಮ್ ಎಲೆ. ಈ ಬೆಟ್ಟಗಳ ಮೇಲೆ ಥೈಮ್ ಕಾಡುಗಿಡವಾಗಿ ಹಬ್ಬಿದೆ, ವೈನಿನಲ್ಲೂ ಅದರ ನೆರಳು ಕಾಣುತ್ತದೆ ಎನ್ನುವವರ ಮಾತು ಮೂಗಿಗಂತೂ ನಿಜವೆನಿಸುತ್ತದೆ. ಬೆಂಡಿಗೊ ಹೆಚ್ಚು ಬೆಚ್ಚಗಿನ ಜಾಗ, ವೈನು ಗಟ್ಟಿ, ಒಗರು ಜಾಸ್ತಿ. ವಾನಕದಲ್ಲಿ ಸರೋವರ ಚಳಿಯನ್ನು ತಗ್ಗಿಸುವುದರಿಂದ ವೈನು ನಯ, ಹೂವಿನ ಪರಿಮಳದ್ದು. ಬರೀ ಸೆಂಟ್ರಲ್ ಒಟಾಗೊ ಎಂದಿದ್ದರೆ ಹಲವು ಕಡೆಯ ಕೂಡಿಕೆ, ದಿನದ ಊಟಕ್ಕೆ ಸಾಕು.

ಇಸವಿ ಓದುವಾಗ ಬಹಳ ಮಂದಿ ಎಡವುತ್ತಾರೆ. ನ್ಯೂಜಿಲೆಂಡಿನ ಕೊಯ್ಲು ವರ್ಷದ ಮೊದಲರ್ಧದಲ್ಲಿ, ಯೂರೋಪಿನದು ಎರಡನೆಯ ಅರ್ಧದಲ್ಲಿ. ಹಾಗಾಗಿ ಒಂದೇ ಇಸವಿ ಹೊತ್ತ ಎರಡು ಬಾಟಲಿಗಳ ಪೈಕಿ ನ್ಯೂಜಿಲೆಂಡಿನದು ಆರು ತಿಂಗಳಷ್ಟು ಹಿರಿಯದು. ಲೇಬಲ್ಲಿನ ಮೇಲಿನ ಇಸವಿ, ದ್ರಾಕ್ಷಿಯ ಜಾತಿ, ಸೀಮೆ ಈ ಮೂರಕ್ಕೂ ಅಲ್ಲಿನ ಕಾನೂನು ಕೇಳುವುದು 85 ಶೇಕಡಾ. ಬಾಟಲಿಯಲ್ಲಿ ಎಷ್ಟು ‘ಸ್ಟ್ಯಾಂಡರ್ಡ್ ಡ್ರಿಂಕ್’ ಇದೆ ಎಂಬುದನ್ನೂ ಅಚ್ಚು ಹಾಕಲೇಬೇಕು. ಒಂದು ಡ್ರಿಂಕ್ ಎಂದರೆ 10 ಗ್ರಾಂ ಆಲ್ಕೋಹಾಲ್. 14 ಶೇಕಡಾದ 750 ಮಿ.ಲೀ. ಬಾಟಲಿಯಲ್ಲಿ ಎಂಟಕ್ಕಿಂತ ತುಸು ಹೆಚ್ಚು ಡ್ರಿಂಕ್ ಇರುತ್ತದೆ. ಲೋಟಕ್ಕೆ 100 ಮಿ.ಲೀ. ಸುರಿದರೆ ಒಂದು ಡ್ರಿಂಕ್ ದಾಟಿತೆಂದೇ ಲೆಕ್ಕ. ಕಾರು ಓಡಿಸುವವರಿಗೆ ಈ ಲೆಕ್ಕ ಬಾಯಿಪಾಠವಾಗಿರಬೇಕು. ಅಲ್ಲಿ 18 ತುಂಬದವರಿಗೆ ಮಾರುವಂತಿಲ್ಲ.

ಸೀಮೆಯ ಹೆಸರಿನ ಸಾಮಾನ್ಯ ಬಾಟಲಿಯನ್ನು ಕೊಯ್ಲಾದ ಮೂರರಿಂದ ಆರು ವರ್ಷದೊಳಗೆ ಕುಡಿದುಬಿಡಿ. ಒಂದೇ ತೋಟದ್ದಾದರೆ ಐದು ವರ್ಷದಿಂದ ಹತ್ತು ಹನ್ನೆರಡು ವರ್ಷದ ತನಕ ಇಡಬಹುದು. ಇಡುವ ಜಾಗ ಕತ್ತಲು, ಅಲುಗಾಟವಿಲ್ಲದ್ದು, 12ರಿಂದ 14 ಡಿಗ್ರಿ ಸೆಲ್ಸಿಯಸ್. ತಿರುಪು ಮುಚ್ಚಳದ ಬಾಟಲಿಯನ್ನು ನಿಲ್ಲಿಸಿಟ್ಟರೂ ನಡೆಯುತ್ತದೆ, ಒದ್ದೆ ಮಾಡಲು ಬಿರಡೆಯೇ ಇಲ್ಲವಲ್ಲ. ಫ್ರಿಜ್ಜಿನ ತಲೆಯ ಮೇಲೆ, ಒಲೆಯ ಪಕ್ಕದ ಕಪಾಟಿನಲ್ಲಿ ಮಾತ್ರ ಬೇಡ. ಶಾಖಕ್ಕೆ ಸಿಕ್ಕಿದ ಪಿನೋ ಬೇಯಿಸಿದ ಜಾಮಿನ ವಾಸನೆ ಹೊಡೆಯುತ್ತದೆ, ಅದಕ್ಕೆ ಮದ್ದಿಲ್ಲ.

ತಣಿಸುವುದು

ಇಡೀ ಕೆಲಸದಲ್ಲಿ ದೊಡ್ಡ ಫರಕು ತರುವ ಹೆಜ್ಜೆ ಇದು. “ಕೆಂಪು ವೈನ್ ಕೋಣೆಯ ಶಾಖದಲ್ಲಿ” ಎಂಬ ಮಾತು ಹುಟ್ಟಿದ್ದು ತಣ್ಣನೆಯ ಕಲ್ಲುಗೋಡೆಯ ಮನೆಗಳ ಕಾಲದಲ್ಲಿ. ಇಂದಿನ ಕೋಣೆ 22, 24 ಡಿಗ್ರಿ ಇರುತ್ತದೆ. ಆ ಶಾಖದಲ್ಲಿ ಆಲ್ಕೋಹಾಲ್ ಆವಿಯಾಗಿ ಮೊದಲು ಮೂಗಿಗೆ ಬಡಿಯುತ್ತದೆ, ಹಣ್ಣಿನ ಪರಿಮಳ ಅದರ ಹಿಂದೆ ಅಡಗುತ್ತದೆ, ಹುಳಿಯ ಚುರುಕು ಮಂಕಾಗಿ ವೈನು ಬಾಯಲ್ಲಿ ಸಡಿಲವಾಗುತ್ತದೆ. ಹಾಗೆಂದು 8 ಡಿಗ್ರಿಗೆ ಇಳಿಸಿದರೆ ಪರಿಮಳ ಮುದುಡಿ, ಒಗರು ಒರಟಾಗುತ್ತದೆ. ಪಿನೋದ ಹದ 14ರಿಂದ 16. ಗಿಬ್‌ಸ್ಟನ್‌ನಂಥ ಹಗುರದ್ದಕ್ಕೆ 13 ಆದರೂ ಸರಿ, ಬೆಂಡಿಗೊದ ಗಟ್ಟಿ ವೈನಿಗೆ 16.

22 ಡಿಗ್ರಿಯ ಬಾಟಲಿ ಫ್ರಿಜ್ಜಿನಲ್ಲಿ ಈ ಹದಕ್ಕೆ ಬರಲು ಮುಕ್ಕಾಲರಿಂದ ಒಂದು ಗಂಟೆ ಬೇಕು. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು ಹಾಕಿ ಬಾಟಲಿಯನ್ನು ಕುತ್ತಿಗೆಯ ತನಕ ಮುಳುಗಿಸಿ. ಎಂಟು ಹತ್ತು ನಿಮಿಷ ಸಾಕು. ಬರೀ ಐಸು ಹಾಕಿದರೆ ತುಂಡುಗಳ ನಡುವಿನ ಗಾಳಿ ಶಾಖವನ್ನು ಬೇಗ ಒಯ್ಯುವುದಿಲ್ಲ, ನೀರು ಗಾಜಿನ ಮೈಗೆಲ್ಲ ಅಂಟಿಕೊಂಡು ಒಯ್ಯುತ್ತದೆ. ಫ್ರೀಜರಿನಲ್ಲಿಟ್ಟು ಮರೆತರೆ ವೈನು ಹಿಗ್ಗಿ ಮುಚ್ಚಳವನ್ನೇ ಎತ್ತೀತು. ಅಂದಾಜು ನಂಬದೆ ಒಮ್ಮೆ ಅಡುಗೆಯ ಥರ್ಮಾಮೀಟರನ್ನು ಲೋಟದಲ್ಲಿ ಅದ್ದಿ ನೋಡಿ. ಮೇಜಿನ ಮೇಲೆ ವೈನು ಬೆಚ್ಚಗಾಗುತ್ತಲೇ ಹೋಗುತ್ತದೆ, ಆದ್ದರಿಂದ ಹದಕ್ಕಿಂತ ಒಂದೆರಡು ಡಿಗ್ರಿ ತಂಪಾಗಿರುವಾಗಲೇ ಸುರಿಯಲು ತೊಡಗುವುದು ಜಾಣತನ.

ತೆರೆದು, ಮೂಸಿ, ಸುರಿಯುವುದು

ಸೋಸದ ವೈನಿನ ತಳದಲ್ಲಿ ಗಸಿ ಇರುವುದು ಸಹಜ. ಮಲಗಿಸಿಟ್ಟಿದ್ದರೆ ಹಿಂದಿನ ದಿನವೇ ನಿಲ್ಲಿಸಿ. ತಿರುಪು ಮುಚ್ಚಳ ತೆಗೆಯುವಾಗ ಮೇಲಿನ ಭಾಗವನ್ನಷ್ಟೇ ತಿರುಗಿಸಿದರೆ ಕೆಲವೊಮ್ಮೆ ಕೆಳಗಿನ ಲೋಹದ ಕೊಳವೆಯೂ ಜೊತೆಗೆ ತಿರುಗಿ, ಸೀಲು ಕಡಿಯುವುದಿಲ್ಲ. ಕುತ್ತಿಗೆಯ ಕೊಳವೆಯನ್ನು ಒಂದು ಕೈಯಲ್ಲಿ ಬಿಗಿ ಹಿಡಿದು, ಇನ್ನೊಂದು ಕೈಯಿಂದ ಬಾಟಲಿಯ ಬುಡವನ್ನು ತಿರುಗಿಸಿ. ಚಟಚಟ ಸದ್ದು ಬಂದರೆ ಕಡಿಯಿತು.

ಮೊದಲು 20 ಮಿ.ಲೀ. ಸುರಿದು ಮೂಸಿ. ಬೆಂಕಿಕಡ್ಡಿ ಗೀರಿದ ಅಥವಾ ಬೇಯಿಸಿದ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ. ಗಾಳಿ ಸೋಕದೆ ಕೂತ ವೈನಿನಲ್ಲಿ ಗಂಧಕದ ಸಂಯುಕ್ತಗಳು ಸೇರಿಕೊಂಡಿರುತ್ತವೆ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಇದು ಹೆಚ್ಚು. ಅಗಲ ಬಾಯಿಯ ಪಾತ್ರೆಗೆ ಜೋರಾಗಿ ಸುರಿದು 20 ನಿಮಿಷ ಬಿಡಿ. ಆಮೇಲೂ ಉಳಿದರೆ ಶುಚಿ ಮಾಡಿದ ತಾಮ್ರದ ತುಂಡೊಂದನ್ನು ಲೋಟದಲ್ಲಿ ಅರ್ಧ ನಿಮಿಷ ಆಡಿಸಿ ತೆಗೆಯಿರಿ, ತಾಮ್ರ ಗಂಧಕವನ್ನು ಕಟ್ಟಿಹಾಕುತ್ತದೆ. ಒದ್ದೆ ರಟ್ಟಿನ ವಾಸನೆ ಬಿರಡೆಯ ರೋಗ, ಹೋಗುವುದಿಲ್ಲ, ಅಂಗಡಿಗೆ ಹಿಂತಿರುಗಿಸಿ. ಉಗುರುಬಣ್ಣದ ಘಾಟು ಮೂಗಿಗೆ ರಾಚಿದರೆ, ಅಥವಾ ಎಳೆಯ ವೈನಿನ ಅಂಚು ಕಂದು ತಿರುಗಿ ಕೊಳೆತ ಸೇಬಿನ ವಾಸನೆ ಬಂದರೆ, ಅದೂ ಕೆಟ್ಟದ್ದೇ. ಆದರೆ ಬಣ್ಣ ತೆಳುವಾಗಿದೆ ಎಂದು ದೂರಬೇಡಿ. ಲೋಟದಾಚೆಯ ಬೆರಳು ಕಾಣುವಷ್ಟು ತಿಳಿಯಾಗಿರುವುದು ಈ ದ್ರಾಕ್ಷಿಯ ಗುಣ.

ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಲೋಟ ಬೇಕು. ಅಗಲದಲ್ಲಿ ಪರಿಮಳ ಎದ್ದು, ಕಿರಿಬಾಯಲ್ಲಿ ನಿಲ್ಲುತ್ತದೆ. ಮೂರನೇ ಒಂದು ಭಾಗಕ್ಕಿಂತ ಮೇಲೆ ತುಂಬಬೇಡಿ. ಲೋಟವನ್ನು ಕಡ್ಡಿಯಲ್ಲೇ ಹಿಡಿಯಿರಿ, ಹೊಟ್ಟೆಯನ್ನು ತಬ್ಬಿದರೆ ಅಂಗೈ ಶಾಖ ವೈನಿಗೆ ಏರುತ್ತದೆ.

ಎಳೆಯ ವೈನಿಗೆ ಅರ್ಧ ಗಂಟೆ ಗಾಳಿ ಒಳ್ಳೆಯದು. ಎಂಟು ವರ್ಷ ದಾಟಿದ್ದಕ್ಕೆ ಬೇಡ, ಉಳಿದಿರುವ ನವಿರು ಪರಿಮಳವೂ ಹಾರಿಹೋದೀತು.

ತಟ್ಟೆಯಲ್ಲಿ ಏನಿರಬೇಕು

ಸೂತ್ರ ಒಂದೇ: ಕೊಬ್ಬು, ಉಪ್ಪು, ಮಣ್ಣಿನ ಘಮ ಇದ್ದರೆ ಪಿನೋ ಅರಳುತ್ತದೆ, ಸಕ್ಕರೆ, ಖಾರ, ಸುಟ್ಟ ಕಹಿ ಇದ್ದರೆ ಸಾಯುತ್ತದೆ. ತಿಂಡಿಯ ಸಿಹಿ ವೈನಿಗಿಂತ ಹೆಚ್ಚಾದರೆ ನಾಲಗೆಗೆ ಹುಳಿಯೊಂದೇ ಉಳಿಯುತ್ತದೆ. ನ್ಯೂಜಿಲೆಂಡಿನ ಮನೆಗಳಲ್ಲಿ ಹುರಿದ ಕುರಿಮರಿ ಮಾಂಸದ ಪಕ್ಕ ಪುದೀನ ಸಾಸು ಇರುವುದು ರೂಢಿ. ವಿನೆಗರು, ಸಕ್ಕರೆ ಎರಡೂ ಇರುವ ಆ ಸಾಸು ಈ ವೈನಿನ ಶತ್ರು. ಕುರಿಮರಿ ಇರಲಿ, ಸಾಸು ಬಿಡಿ. ಸಿಹಿಗೆಣಸನ್ನು, ಅಲ್ಲಿನವರ ಕೂಮರವನ್ನು, ಇಡಲೇಬೇಕೆಂದರೆ ಉಪ್ಪು ಬಿಗಿ ಮಾಡಿ, ಸ್ವಲ್ಪವೇ ಇಡಿ.

ಎಲ್ಲಕ್ಕಿಂತ ಹೊಂದುವುದು ಥೈಮ್ ಹಾಕಿದ ಕುರಿಮರಿಯ ಪಕ್ಕೆಲುಬು. ಎಂಟು ಎಲುಬಿನ, ಸುಮಾರು 450 ಗ್ರಾಂ ತೂಗುವ ತುಂಡು ಇಬ್ಬರಿಗೆ ಆಗುತ್ತದೆ. ಬೇಯಿಸುವ 40 ನಿಮಿಷ ಮೊದಲೇ ಹೊರಗಿಟ್ಟು, 5 ಗ್ರಾಂ ಉಪ್ಪು ಸವರಿ, ಒರೆಸಿ ಒಣಗಿಸಿ. ಒದ್ದೆ ಮಾಂಸ ಬಾಣಲೆಯಲ್ಲಿ ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಕೊಬ್ಬಿನ ಮಗ್ಗುಲನ್ನು ಕೆಳಗೆ ಮಾಡಿ ಮಧ್ಯಮ ಉರಿಯಲ್ಲಿ ಮೂರು ನಾಲ್ಕು ನಿಮಿಷ, ಉಳಿದ ಮಗ್ಗುಲು ಒಂದೊಂದು ನಿಮಿಷ. ಮೇಲೆ ಐದಾರು ಎಸಳು ಥೈಮ್, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ ಇಟ್ಟು 200 ಡಿಗ್ರಿಯ ಓವನ್ನಿನಲ್ಲಿ 12ರಿಂದ 15 ನಿಮಿಷ. ನಡುಮಧ್ಯದ ಶಾಖ 52 ತೋರಿಸಿದಾಗ ತೆಗೆದು ಹತ್ತು ನಿಮಿಷ ಬಿಟ್ಟರೆ ತಾನಾಗಿ 56ರ ಹತ್ತಿರ ಬರುತ್ತದೆ, ಒಳಗು ಗುಲಾಬಿ. ಅಷ್ಟರಲ್ಲಿ ಬಾಣಲೆಯ ಹೆಚ್ಚಿನ ಕೊಬ್ಬು ಬಸಿದು, ಅದೇ ವೈನು 100 ಮಿ.ಲೀ. ಸುರಿದು ಮೂರನೇ ಒಂದಕ್ಕೆ ಇಂಗಿಸಿ, ಉಪ್ಪಿಲ್ಲದ ಮಾಂಸದ ಸಾರು 150 ಮಿ.ಲೀ. ಸೇರಿಸಿ ಅರ್ಧಕ್ಕೆ ಇಳಿಸಿ. ಒಲೆ ಆರಿಸಿ 15 ಗ್ರಾಂ ತಣ್ಣನೆಯ ಬೆಣ್ಣೆ ಕಲಸಿ. ಸಕ್ಕರೆ, ಜೇನು ಏನೂ ಬೇಡ. ಸಾರಿನಲ್ಲಿ ಮೊದಲೇ ಉಪ್ಪಿದ್ದರೆ ಇಂಗಿದಾಗ ಬಾಯಿಗಿಡಲಾಗದು.

ಮಾಂಸ 65 ದಾಟಿತೋ, ರಸ ಹೋಗಿ ನಾರಾಗುತ್ತದೆ. ಒಗರು ತಣಿಸಲು ರಸವೇ ಇಲ್ಲದೆ ವೈನು ಒಣಒಣ ಅನ್ನಿಸುತ್ತದೆ. ಆಗ ಜನ ಬಯ್ಯುವುದು ವೈನನ್ನು.

ಸಾಕಿದ ಜಿಂಕೆಯ ಮಾಂಸ ನ್ಯೂಜಿಲೆಂಡಿನಲ್ಲಿ ಸುಲಭಕ್ಕೆ ಸಿಗುತ್ತದೆ. ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಆದ್ದರಿಂದ ಇನ್ನೂ ಎಚ್ಚರ ಬೇಕು. ಬೆನ್ನಿನ ತುಂಡನ್ನು ಜೋರು ಉರಿಯಲ್ಲಿ ಕೆಂಪಗೆ ಮಾಡಿ 50ಕ್ಕೇ ತೆಗೆಯಿರಿ. ಜಾಸ್ತಿ ಬೆಂದರೆ ಈಲಿಯ ರುಚಿ ಬಂದು, ವೈನು ಸೇರಿದಾಗ ಬಾಯೆಲ್ಲ ಕಬ್ಬಿಣ ನೆಕ್ಕಿದಂತೆ. ಬಾತುಕೋಳಿಯ ಎದೆಯನ್ನು ತಣ್ಣನೆಯ ಬಾಣಲೆಯಲ್ಲಿ ಚರ್ಮ ಕೆಳಗೆ ಮಾಡಿ ಇಟ್ಟು, ಸಣ್ಣ ಉರಿಯಲ್ಲಿ 12 ನಿಮಿಷ ಕೊಬ್ಬು ಕರಗಿಸಿ. ಬಿಸಿ ಬಾಣಲೆಗೆ ಹಾಕಿದರೆ ಚರ್ಮ ಸುಟ್ಟು ಒಳಗೆ ಕೊಬ್ಬು ರಬ್ಬರಿನಂತೆ ಉಳಿಯುತ್ತದೆ. ಕ್ರಾಮ್‌ವೆಲ್ ಸುತ್ತಲ ತೋಟಗಳ ಚೆರಿ ಹಣ್ಣನ್ನು ಜೊತೆಗಿಡಬಹುದು, ಆದರೆ ಸಕ್ಕರೆ ಪಾಕದಲ್ಲಿ ಕುದಿಸದೆ ಹಾಗೇ ಬಾಣಲೆಯಲ್ಲಿ ಬಾಡಿಸಿ.

ಮೀನಿನ ಜೊತೆ ಕೆಂಪು ವೈನ್ ಕೂಡದೆಂಬ ಮಾತಿಗೆ ಕಾರಣವಿದೆ: ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿದಾಗ ಹಳಸಲು ವಾಸನೆ ಏಳುತ್ತದೆ. ಒಗರು ಹೆಚ್ಚಿದ್ದರೆ ಇನ್ನಷ್ಟು ಒರಟು. ಪಿನೋದಲ್ಲಿ ಒಗರು ಕಡಿಮೆ ಇರುವುದರಿಂದ ಕೊಬ್ಬಿರುವ ಕಿಂಗ್ ಸಾಲ್ಮನ್ ಜೊತೆ ಹೊಂದುತ್ತದೆ, ಮೀನು ತಾಜಾ ಇದ್ದರೆ ಮಾತ್ರ. ಚರ್ಮ ಗರಿಗರಿಯಾಗುವಂತೆ ಹುರಿದು, ಒಳಗು 50 ಡಿಗ್ರಿಗೆ ನಿಲ್ಲಿಸಿ, 14 ಡಿಗ್ರಿಯ ಗಿಬ್‌ಸ್ಟನ್ ವೈನಿನೊಂದಿಗೆ ಬಡಿಸಿ. ಬ್ಲಫ್ ಊರಿನ ಕಡಲ ಸಿಂಪಿಗೆ ಈ ವೈನು ಬೇಡವೇ ಬೇಡ.

ಮಾಂಸ ತಿನ್ನದವರಿಗೆ ಅಣಬೆ. 400 ಗ್ರಾಂ ಅಣಬೆಯನ್ನು ದಪ್ಪಗೆ ಹೆಚ್ಚಿ, ಅಗಲ ಬಾಣಲೆಯಲ್ಲಿ ಎರಡು ಕಂತಿನಲ್ಲಿ ಹುರಿಯಿರಿ. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತವೆ. ನೀರೆಲ್ಲ ಆರಿ ಅಂಚು ಕಂದಾದ ಮೇಲೆ 30 ಗ್ರಾಂ ಬೆಣ್ಣೆ, ಥೈಮ್, ಕೊನೆಗೆ ಉಪ್ಪು ಮತ್ತು ನಾಲ್ಕು ಹನಿ ನಿಂಬೆರಸ. ಉಪ್ಪು, ಹುಳಿ ಎರಡನ್ನೂ ಬಿಡಬೇಡಿ. ಅಣಬೆಯ ಉಮಾಮಿ, ಅಂದರೆ ಮಾಂಸದ ಸಾರಿನಂಥ ತುಂಬು ರುಚಿ, ವೈನಿನ ಒಗರನ್ನು ಕಹಿಯಾಗಿ ತೋರಿಸುತ್ತದೆ, ಅದನ್ನು ಸರಿದೂಗಿಸುವುದು ಇವೆರಡೇ. ಚೀಸಿನಲ್ಲಿ ಗ್ರುಯೇರ್ ಬಗೆಯ ಗಟ್ಟಿಯದು ಸರಿ, ನೀಲಿ ಬೂಷ್ಟಿನ ಚೀಸು ವೈನನ್ನು ನುಂಗಿಹಾಕುತ್ತದೆ.

ಉಳಿದದ್ದು

ಅರ್ಧ ಬಾಟಲಿ ಉಳಿಯುವುದು ಮೊದಲೇ ಗೊತ್ತಿದ್ದರೆ, ತೆರೆದ ಕೂಡಲೇ 375 ಮಿ.ಲೀ.ಯ ಸಣ್ಣ ಬಾಟಲಿಗೆ ಬಾಯಿತನಕ ತುಂಬಿ ತಿರುಪು ಹಾಕಿ ಫ್ರಿಜ್ಜಿನಲ್ಲಿಡಿ. ಗಾಳಿಗೆ ಜಾಗವಿಲ್ಲದ್ದರಿಂದ ನಾಲ್ಕೈದು ದಿನ ಬಾಳುತ್ತದೆ. ದೊಡ್ಡ ಬಾಟಲಿಯಲ್ಲೇ ಬಿಟ್ಟರೆ ಎರಡು ದಿನ, ಹೆಚ್ಚೆಂದರೆ ಮೂರು. ಮೊದಲು ಹೋಗುವುದು ಹಣ್ಣಿನ ಪರಿಮಳ, ಹುಳಿ ಕೊನೆಯ ತನಕ ಇರುತ್ತದೆ. ಆ ಹಂತಕ್ಕೆ ಬಂದ ವೈನನ್ನು ಇಂಗಿಸಿ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿಟ್ಟರೆ, ಮುಂದಿನ ಸಲ ಬಾಣಲೆಯ ಸಾಸಿಗೆ ಎರಡು ತುಂಡು ಸಾಕು.